ತಟ್ಟೆಯ ಅಂಚಿನಲ್ಲಿದ್ದ ಪಲ್ಯ ಎಲ್ಲಿ ಹೋಯಿತು?

ಕೊಡಗಿನ ಗೋಣಿಕೊಪ್ಪದಲ್ಲಿ ಮಹಿಳೆಯರ ಒಂದು ಸಭೆಯಲ್ಲಿ ಆಹಾರ ಸಲಹೆಗಾರ್ತಿಯಾಗಿ ನಾನು ಊಟ ಮತ್ತು ಆರೋಗ್ಯದ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಸಭೆಯಲ್ಲಿದ್ದವರು ಕೇಳಿದ್ದನ್ನು, ಹೇಳಿದ್ದನ್ನು ಮಾತ್ರ ಮುಟ್ಟಿಲ್ಲ. ನನ್ನ ಮಾತಿಗಿಂತ ಅವೇ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಕೊಡೆ ಹಿಡಿದು ಇಷ್ಟು ಜನ ಬಂದಿದ್ದೀರಿ. ನನ್ನ ಮಾತಿಗಿಂತ ಆಮೇಲೆ ಕೊಡುವ ಕಾಫಿಗೆ ಬಂದವರೂ ಇದ್ದೀರಿ ಅಂತ ಗೊತ್ತು. ಪರವಾಗಿಲ್ಲ, ಆ ಕಾಫಿ ಬಗ್ಗೆಯೂ ಮಾತಾಡೋಣ.

ಹೋದ ವಾರ ಕಕ್ಕಡ ಹದಿನೆಂಟು ಆಯ್ತು, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸವನ್ನೋ ಪುಟ್ಟನ್ನೋ ಮಾಡಿದವರು ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಈಗ ಇನ್ನೊಂದು ಪ್ರಶ್ನೆ. ನಿನ್ನೆ ರಾತ್ರಿ ಊಟಕ್ಕೆ ಏನಾದರೂ ಸೊಪ್ಪು ತಿಂದವರು? ಒಂದು, ಎರಡು... ಏಳು. ಹಿಂದಿನ ಸಾಲಿನ ಅಜ್ಜಿಯನ್ನೂ ಸೇರಿಸಿ ಎಂಟು.

ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಮೊದಲ ವರ್ಷ ಅತ್ತೆ ಮದ್ದುಸೊಪ್ಪನ್ನು ಕುದಿಸಿದಾಗ ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಬೆರಗಾಗಿ ನೋಡಿದ್ದೆ. ಎರಡು ಬಟ್ಟಲು ಪಾಯಸ ತಿಂದೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿದ್ದು ನೋಡಿ ಜೀವ ಹೋದಂತಾಗಿ ಅತ್ತೆ ಹತ್ತಿರ ಓಡಿದೆ. ಅವರು ಒಲೆ ಮುಂದಿನಿಂದ ಏಳಲೂ ಇಲ್ಲ. “ಮದ್ದು ಹಿಡಿದಿದೆ ಬಿಡು” ಅಂದರು. ಆ ಸೊಪ್ಪಿನ ಬಣ್ಣ ಹಾಗೇ ಹೊರಗೆ ಬರುತ್ತದೆ, ಅಷ್ಟೇ.

ಆ ದಿನ ಹದಿನೆಂಟು ಬಗೆಯ ಮದ್ದು ಗಿಡಕ್ಕೆ ಬಂದು ಸೇರುತ್ತದೆ ಅನ್ನುವುದು ನಂಬಿಕೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಉಳಿದ 364 ದಿನಗಳ ಬಗ್ಗೆ.

ನಮ್ಮ ಒಂದು ದಿನದ ಊಟ ನೋಡಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ನೀವು ಒಟ್ಟಿ ಅನ್ನುವುದು. ಅದನ್ನು ಮಾಡೋದು ಹೇಗೆ? ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದಿ. ಅಂದರೆ ಅಕ್ಕಿಗೆ ಅಕ್ಕಿ ಸೇರಿಸಿ. ಮಧ್ಯಾಹ್ನ ಅನ್ನ. ರಾತ್ರಿ ಮತ್ತೆ ಒಟ್ಟಿ. ನೆಂಟರು ಬಂದರೆ ಕಡಂಬುಟ್ಟು ಅನ್ನುವ ಉಂಡೆ, ಅಳಿಯ ಬಂದರೆ ನೂಪುಟ್ಟು ಅನ್ನುವ ಶ್ಯಾವಿಗೆ, ಮನಸ್ಸು ಖುಷಿಯಾದರೆ ಪಾಪುಟ್ಟು ಅನ್ನುವ ಹಾಲಿನ ಪುಟ್ಟು. ವೇಷ ಬೇರೆ ಬೇರೆ, ಒಳಗಿರುವವನು ಅವನೇ. ಒಳ್ಳೆಯದನ್ನೂ ಹೇಳಬೇಕು. ಇವೆಲ್ಲ ಹಬೆಯಲ್ಲಿ ಬೇಯುವಂಥವು ಅಥವಾ ಕೆಂಡದ ಮೇಲೆ, ಕಾವಲಿಯ ಮೇಲೆ ಸುಡುವಂಥವು. ಎಣ್ಣೆಯಲ್ಲಿ ಮುಳುಗಿಸುವ ತಿಂಡಿ ಕೊಡಗಿನ ಹಳೆಯ ಅಡುಗೆಯಲ್ಲಿ ಕಡಿಮೆ. ಅದು ನಿಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಸಂಜೆ ಬೇಕರಿ ಮುಂದೆ ನಿಂತು ಅದನ್ನು ಕರಗಿಸಬೇಡಿ.

ಅಕ್ಕಿ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಆದರೆ ಅಕ್ಕಿಯೂ ಮೊದಲಿನ ಅಕ್ಕಿಯಾಗಿ ಉಳಿದಿಲ್ಲ. ಒನಕೆಯಲ್ಲಿ ಕುಟ್ಟಿದ ಅಕ್ಕಿಗೆ ಒಂದಿಷ್ಟು ತೌಡು ಅಂಟಿಕೊಂಡೇ ಇರುತ್ತಿತ್ತು. ಮಿಲ್ಲು ಬಂತು, ಅಕ್ಕಿ ಬೆಳ್ಳಗಾಯಿತು, ತೌಡು ಹಸುವಿನ ಬಾನಿಗೆ ಹೋಯಿತು. ಬಿ1 ಅನ್ನುವ ವಿಟಮಿನ್ ಇರುವುದು ಬಹುಪಾಲು ಆ ತೌಡಿನಲ್ಲೇ. ಇದನ್ನು ಮೊದಲು ಹಿಡಿದವರು ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್. 1890ರ ದಶಕದ ಮಾತು. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬಿದ್ದವು, ತೌಡು ಇರುವ ಅಕ್ಕಿ ಹಾಕಿದಾಗ ಎದ್ದು ಓಡಾಡಿದವು. ಮನುಷ್ಯರಿಗೆ ಬರುತ್ತಿದ್ದ, ಹೀಗೇ ಕೈಕಾಲು ಸೋಲುವ ಬೆರಿಬೆರಿ ರೋಗದ ಗುಟ್ಟು ಅಲ್ಲಿ ಬಿಚ್ಚಿಕೊಂಡಿತು. 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇನ್ನೊಂದು ಕತೆ ನಮ್ಮ ಪಕ್ಕದ ನೀಲಗಿರಿಯದು. ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನುವವರು ಇದೇ ಬೆರಿಬೆರಿ ಬಗ್ಗೆ ತಿಳಿಯಲು ಒಂದು ಸಣ್ಣ ಪ್ರಯೋಗಾಲಯ ಶುರು ಮಾಡಿದರು. ಮುಂದೆ ಅವರು ಇಲಿಗಳಿಗೆ ದೇಶದ ಬೇರೆ ಬೇರೆ ಕಡೆಯ ಊಟ ಹಾಕಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಪಾಲಿಶ್ ಅಕ್ಕಿಯೇ ಜಾಸ್ತಿಯಿದ್ದ ನಮ್ಮ ತೆಂಕಣದ ಊಟ ತಿಂದವು ಸೊರಗಿದವು. ಅದೇ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಊಟದ ತಟ್ಟೆ ಹೇಗಿರಬೇಕು ಅಂತ ದೇಶಕ್ಕೆಲ್ಲ ಹೇಳುವ ಸಂಸ್ಥೆ ಹುಟ್ಟಿದ್ದು ನಮ್ಮಂಥದ್ದೇ ಮಳೆ, ಮಂಜಿನ ಘಟ್ಟದಲ್ಲಿ.

ಇಲ್ಲಿ ಕೊಡಗಿನ ಅಡುಗೆಯ ಒಂದು ಜಾಣತನ ನೋಡಿ. ಮಾಂಸಗಳ ಪೈಕಿ ಬಿ1 ಎದ್ದು ಕಾಣುವಷ್ಟು ಜಾಸ್ತಿ ಇರುವುದು ಹಂದಿ ಮಾಂಸದಲ್ಲಿ. ಬಿಳಿ ಅಕ್ಕಿಯ ಕಡಂಬುಟ್ಟು, ಪಕ್ಕದಲ್ಲಿ ಪಂದಿ ಕರಿ. ಒಂದು ಕಳೆದುಕೊಂಡಿದ್ದನ್ನು ಇನ್ನೊಂದು ತಂದುಕೊಡುತ್ತದೆ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಕೂಡಿ ಬಂತು.

ಈ ಮಾತು ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು. ಸಭೆಯಲ್ಲಿದ್ದ ನಾಲ್ಕೈದು ಗಂಡಸರಲ್ಲಿ ಒಬ್ಬರು.

ಅಣ್ಣ, ತಡೀರಿ. ಅದು ವಾರಕ್ಕೊಮ್ಮೆ ಮಾಡುತ್ತಿದ್ದ ಕಾಲದ ಮಾತು. ಹಬ್ಬಕ್ಕೆ, ಮದುವೆಗೆ, ಬೇಟೆ ಸಿಕ್ಕಿದ ದಿನ. ಆಗ ಗದ್ದೆಯಲ್ಲಿ ಉತ್ತು, ಗುಡ್ಡ ಹತ್ತಿ ಇಳಿದು ಬಂದು ತಿನ್ನುತ್ತಿದ್ದರು. ಈಗ ತೋಟಕ್ಕೆ ಜೀಪು, ಗೇಟಿಗೆ ಸ್ಕೂಟರ್. ತಟ್ಟೆ ಮಾತ್ರ ಅಜ್ಜನದ್ದೇ. ಹಂದಿಯ ಕೊಬ್ಬಿಗೆ ಇದು ಗೊತ್ತಿಲ್ಲ, ಅದು ತನ್ನ ಪಾಡಿಗೆ ರಕ್ತನಾಳದಲ್ಲಿ ಕೂರುತ್ತದೆ. ಕೊಬ್ಬಿನ ಪದರ ಒಂದಿಷ್ಟು ತೆಗೆದು ಮಾಡಿ. ಚೆನ್ನಾಗಿ ಬೇಯಿಸಿ, ಲಾಡಿಹುಳದ ಭಯ ಬೇಯದ ಹಂದಿ ಮಾಂಸದಲ್ಲೇ ಇರುವುದು.

ಈಗ ಲೆಕ್ಕಕ್ಕೆ ಬರೋಣ. ಹೈದರಾಬಾದಿನ ಆ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಿರುವವರಿಗೆ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 250 ಗ್ರಾಂ. ಬೇಯಿಸುವ ಮೊದಲಿನ ತೂಕ ಅದು. ಸೊಪ್ಪು ತರಕಾರಿ 400 ಗ್ರಾಂ. ಹಣ್ಣು 100 ಗ್ರಾಂ. ಅಂದರೆ ಅರ್ಧ ತಟ್ಟೆ ತರಕಾರಿ, ಹಣ್ಣೇ ಇರಬೇಕು. ಮನೆಗೆ ಹೋಗಿ ಒಂದು ದಿನ ಅಳೆದು ನೋಡಿ. ನಾನು ನಮ್ಮ ಮನೆಯಲ್ಲಿ ಅಳೆದೆ. ಗಂಡನ ಪಾಲಿಗೆ ಅಕ್ಕಿ ಸುಮಾರು 400 ಗ್ರಾಂ, ತರಕಾರಿ ಅಂದರೆ ಸಾರಿನಲ್ಲಿ ತೇಲುತ್ತಿದ್ದ ನಾಲ್ಕು ಬೀನ್ಸ್ ತುಂಡು. ಆಹಾರ ಸಲಹೆಗಾರ್ತಿಯ ಮನೆ ಕತೆ ಇದು!

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ಹೊರಬಂತು. ದೇಶದಲ್ಲಿ ಶುಗರ್ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅಕ್ಕಿ ಒಂದೇ ಕಾರಣ ಅಂತಲ್ಲ. ಮೈ ಬಗ್ಗಿಸದಿರುವುದು, ಹೊಟ್ಟೆಯ ಸುತ್ತ ಕೊಬ್ಬು, ಮನೆತನ ಎಲ್ಲ ಇದೆ. ಆದರೆ ನಾರು ಇಲ್ಲದ ಬಿಳಿ ಅನ್ನ ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯಾಗಿ ಇಳಿಯುತ್ತದೆ. ಜೊತೆಗೆ ಪಲ್ಯ, ಕಾಳು, ಮೊಟ್ಟೆ, ಮೀನು ಇದ್ದರೆ ನಿಧಾನವಾಗಿ ಇಳಿಯುತ್ತದೆ. ಪಲ್ಯವನ್ನೂ ಕಾಳನ್ನೂ ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಇನ್ನೂ ಒಳ್ಳೆಯದು.

ಹಾಗಾದರೆ ಆ ಪಲ್ಯ ಎಲ್ಲಿ ಹೋಯಿತು? ನನ್ನನ್ನು ಕಾಡುವ ಪ್ರಶ್ನೆ ಇದು. ಏಕೆಂದರೆ ಕೊಡಗಿನ ಮಳೆಗಾಲದ ಅಡುಗೆಮನೆಯಷ್ಟು ಶ್ರೀಮಂತ ಅಡುಗೆಮನೆ ನಾನು ಹುಟ್ಟಿದ ಊರಿನಲ್ಲಿ ಇರಲಿಲ್ಲ. ಜೂನ್ ಬಂತೆಂದರೆ ಅತ್ತೆ ಹಿತ್ತಲಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದೇ ಇಲ್ಲ. ಕೆಸದ ಎಲೆ, ತೋಡಿನ ಬದಿಯ ತೆರ್ಮೆ ಅನ್ನುವ ಜರೀಗಿಡದ ಸೊಪ್ಪು, ಕಣಿಲೆ ಅನ್ನುವ ಎಳೆ ಬಿದಿರು, ಗುಡುಗಿನ ಮರುದಿನ ಕುಮ್ಮು ಅನ್ನುವ ಅಣಬೆ, ಗದ್ದೆಯ ಏಡಿ, ಬೂದಿಯಲ್ಲಿ ಸುಟ್ಟ ಹಲಸಿನ ಬೀಜ. ಒಟ್ಟಿಯ ಪಕ್ಕ ಎಳ್ಳು ಪಜ್ಜಿ, ಅಂದರೆ ಎಳ್ಳಿನ ಚಟ್ನಿ. ಎಳ್ಳಿನಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಎಷ್ಟಿದೆ ಗೊತ್ತಾ? ತೂಕಕ್ಕೆ ತೂಕ ಹಾಕಿದರೆ ಹಾಲು ಹತ್ತಿರಕ್ಕೂ ಬರುವುದಿಲ್ಲ. ಆ ಪಜ್ಜಿಯ ಜಾಗಕ್ಕೆ ಈಗ ಟೊಮೇಟೊ ಸಾಸ್ ಬಂದಿದೆ.

ಅವರ ಕೈಕೆಲಸವನ್ನೂ ಹೇಳಬೇಕು. ಕಣಿಲೆಯನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು ಬೇಯಿಸುತ್ತಿದ್ದರು. ಹೊಸ ಸೊಸೆಗೆ ಅವಸರ. “ಇವತ್ತೇ ಮಾಡೋಣ ಅತ್ತೆ” ಅಂದರೆ ಕೈ ತಟ್ಟಿ ಹಿಂದೆ ಸರಿಸುತ್ತಿದ್ದರು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಒಂದು ವಸ್ತು ಇದೆ. ನೆನೆಹಾಕಿ, ಕುದಿಸಿ ಆ ನೀರು ಚೆಲ್ಲಿದರೆ ಅದು ಹೋಗುತ್ತದೆ. ಕೆಸಕ್ಕೆ ಹುಳಿ ಬೀಳಲೇಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತ. ನಾನು ಕಾಲೇಜಿನಲ್ಲಿ ಓದಿ ತಿಳಿದದ್ದನ್ನು ಅವರು ಮಾಡಿ ತಿಳಿದಿದ್ದರು.

ಇವೆಲ್ಲ ಯಾಕೆ ಹೋದವು ಅಂತ ನಿಮಗೆ ಗೊತ್ತೇ ಇದೆ. ಗದ್ದೆ ಪಾಳು ಬಿತ್ತು, ಇಲ್ಲವೇ ಶುಂಠಿಗೆ ಹೋಯಿತು. ತೋಟಕ್ಕೆ ಕಳೆನಾಶಕ ಬಂತು. ಒಂದು ಎಚ್ಚರಿಕೆ: ಕಳೆನಾಶಕ ಹೊಡೆದ ಕಡೆ ಸೊಪ್ಪು ಕೀಳಲೇಬೇಡಿ. ಕುಮ್ಮು ಸಹ ಅಷ್ಟೇ, ಗುರುತಿಸುವ ಅಜ್ಜಿ ಪಕ್ಕದಲ್ಲಿಲ್ಲದಿದ್ದರೆ ಬೇಡ. ಆದರೆ ಹಿತ್ತಲಲ್ಲಿ ಎರಡು ನುಗ್ಗೆ ಕೊಂಬೆ ನೆಡಲು, ಬಸಳೆ ಬಳ್ಳಿ ಹಬ್ಬಿಸಲು ಯಾರ ಅಪ್ಪಣೆ ಬೇಕು?

ಇನ್ನು ಕಾಫಿ. ಕಾಫಿ ಬಿಡಿ ಅಂತ ಗೋಣಿಕೊಪ್ಪದಲ್ಲಿ ನಿಂತು ಹೇಳಿದರೆ ನನ್ನನ್ನು ಮನೆಗೆ ಹೋಗಲು ಬಿಡುತ್ತೀರಾ? ಹೆದರಬೇಡಿ, ಹಾಗೆ ಹೇಳಲ್ಲ. ಮಿತವಾಗಿ ಕುಡಿಯುವವರಿಗೆ ಕಾಫಿಯಿಂದ ದೊಡ್ಡ ಕೆಡುಕು ಕಂಡಿಲ್ಲ. ದಿನಾ ಕಾಫಿ ಕುಡಿಯುವವರಲ್ಲಿ ಶುಗರ್ ಬರುವುದು ಸ್ವಲ್ಪ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ನನ್ನ ಜಗಳ ಎರಡು ವಿಷಯಕ್ಕೆ. ಯಾವಾಗ ಕುಡಿಯುತ್ತೀರಿ, ಅದಕ್ಕೆ ಏನು ಹಾಕುತ್ತೀರಿ.

ನನ್ನದೇ ಪೆದ್ದುತನ ಹೇಳುತ್ತೇನೆ. ಮೊದಲ ಬಸಿರಿನಲ್ಲಿ ನನಗೆ ರಕ್ತ ಕಡಿಮೆ ಇತ್ತು. ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರು. ದಿನಾ ತಪ್ಪದೆ ನುಂಗಿದೆ, ತಿಂಡಿ ಆದ ಕೂಡಲೇ, ಬಿಸಿ ಕಾಫಿ ಜೊತೆ. ಎರಡು ತಿಂಗಳ ನಂತರ ಪರೀಕ್ಷೆ ಮಾಡಿದರೆ ರಕ್ತ ಇದ್ದಲ್ಲೇ ಇದೆ. ಮಾತ್ರೆ ನುಂಗುತ್ತಿಲ್ಲ ಅಂತ ನನಗೇ ಬೈದರು. ಯಾವುದರ ಜೊತೆ ನುಂಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನಾದರೂ ಗೃಹವಿಜ್ಞಾನ ಓದಿದವಳು, ಅದೆಲ್ಲ ಪುಸ್ತಕದಲ್ಲೇ ಉಳಿದಿತ್ತು.

ಕಾಫಿ, ಚಹಾದಲ್ಲಿರುವ ಒಗರು ಅಂಶ ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ದೇಹಕ್ಕೆ ಸೇರಲು ಬಿಡುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಸೇರುವುದು ಶೇ 39ರಷ್ಟು ಇಳಿಯಿತು. ಚಹಾ ಕುಡಿದಾಗ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆ ಆಗಲಿಲ್ಲ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ, ಚಹಾ ಬೇಡ ಅಂತ 2024ರ ಮಾರ್ಗಸೂಚಿ ಹೇಳುತ್ತದೆ. ನನ್ನ ಕೇಳಿದರೆ ಊಟದ ನಂತರ ಒಂದೂವರೆ, ಎರಡು ಗಂಟೆಯೇ ಇರಲಿ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಇದು. ಕಾಫಿ ಕುಯ್ಲಿನ ಕಾಲದಲ್ಲಿ, ತೋಟದ ಕೆಲಸದವರಿರುವ ಲೈನ್ ಮನೆಯ ಹೆಂಗಸರನ್ನು ನೋಡಿ. ಬೆಳಿಗ್ಗೆ ರಾತ್ರಿಯ ಅನ್ನ, ಒಂದು ತುಂಡು ಒಣ ಮೀನು, ದೊಡ್ಡ ಲೋಟ ಕರಿಕಾಫಿ. ಇದ್ದ ಚೂರುಪಾರು ಕಬ್ಬಿಣಕ್ಕೂ ಕಾಫಿ ಅಡ್ಡ ನಿಲ್ಲುತ್ತದೆ. “ಸೋಮಾರಿ, ಹತ್ತು ಹೆಜ್ಜೆಗೆ ಏದುಸಿರು ಬಿಡ್ತಾಳೆ” ಅನ್ನುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿ, ಬೆಳ್ಳಗಿದೆಯಾ ಅಂತ. ನಿಮ್ಮ ತೋಟದವರಿಗೆ ಕಾಫಿಯನ್ನು ಹತ್ತೂವರೆಗೆ ಕೊಡಿ, ತಿಂಡಿ ಜೊತೆ ಬೇಡ. ತಿಂಡಿ ಜೊತೆ ಅರ್ಧ ನಿಂಬೆಹಣ್ಣೋ, ನೆಲ್ಲಿಕಾಯಿಯೋ, ಸೀಬೆಹಣ್ಣೋ ಇದ್ದರೆ ಕಬ್ಬಿಣ ಜಾಸ್ತಿ ಸೇರುತ್ತದೆ. ನಮ್ಮ ಕಿತ್ತಳೆಯೂ ಆಗುತ್ತದೆ, ಮರದಲ್ಲಿ ಉಳಿದಿದ್ದರೆ.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಸಿಕ್ಕಿತು ಅಂತ ಆರಿಸಿ ಎಸೆಯುವವರಿಗೂ ಒಂದು ಮಾತು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲಿ ಮಾಡಿದ ಕಾಳು. ಅಂಥ ಅಕ್ಕಿ ಕೊಟ್ಟಾಗ ಸುಮಾರು ನೂರು ಕಾಳಿಗೆ ಒಂದು ಬೆರೆಸಿರುತ್ತಾರೆ. ನೀವು ಎಸೆಯುತ್ತಿರುವುದು ಆ ಒಂದನ್ನೇ.

ಎರಡನೆಯ ಜಗಳ ಸಕ್ಕರೆ. ಇಲ್ಲಿ ನಾನು ಮಾತು ನಿಲ್ಲಿಸಿ ಮುಂದಿನ ಸಾಲಿನ ಒಬ್ಬ ಅಕ್ಕನನ್ನು ಮೇಜಿನ ಹತ್ತಿರ ಕರೆದೆ. ಗಾಜಿನ ಲೋಟ, ಸಕ್ಕರೆ ಡಬ್ಬ, ಟೀ ಚಮಚ ಮೊದಲೇ ತರಿಸಿಟ್ಟಿದ್ದೆ. “ನಿನ್ನೆ ಕಾಫಿಗೆ ಹಾಕಿದಷ್ಟನ್ನು ಈ ಲೋಟಕ್ಕೆ ಹಾಕಿ ಅಕ್ಕ” ಅಂದೆ. ಎದ್ದ ಕೂಡಲೇ ಒಂದು ಕಾಫಿ, ಎರಡು ಚಮಚ. ತಿಂಡಿ ಜೊತೆ ಎರಡು. ಹನ್ನೊಂದಕ್ಕೆ ಎರಡು. ನಾಲ್ಕು ಗಂಟೆಗೆ ಎರಡು. “ಆಮೇಲೆ ಪಕ್ಕದ ಮನೆಯವರು ಬಂದ್ರು” ಅಂತ ಇನ್ನೆರಡು. ಹತ್ತು ಚಮಚ. ಲೋಟ ಎತ್ತಿ ಎಲ್ಲರಿಗೂ ತೋರಿಸಿದರು. ಮೊದಲು ನಗು, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಚಮಚಕ್ಕೆ ನಾಲ್ಕೈದು ಗ್ರಾಂ ಅಂದರೂ 40ರಿಂದ 50 ಗ್ರಾಂ ಆಯಿತು. ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಕ್ಕ ಅಳೆದ ಲೋಟದಲ್ಲಿ ಬಿಸ್ಕತ್ತು, ಬನ್ನಿನ ಸಕ್ಕರೆ ಸೇರಿಲ್ಲ. “ನಾವು ಬೆಲ್ಲದ ಕಾಫಿ ಕುಡಿಯೋದು, ನಮಗೇನೂ ಆಗಲ್ಲ” ಅಂತ ಅಲ್ಲೊಬ್ಬರು ಪಿಸುಗುಡುತ್ತಿದ್ದಾರೆ, ನನಗೆ ಕೇಳಿಸಿತು. ಬೆಲ್ಲವೂ ಬಹುಪಾಲು ಸಕ್ಕರೆಯೇ. ರುಚಿ ಬೇರೆ, ನಾನೂ ಬೆಲ್ಲದ ಕಾಫಿಗೆ ಸೋತವಳು. ಆದರೆ ಶುಗರ್ ಮೀಟರ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಚಮಚ ತಿಂಗಳಿಗೆ ಅರ್ಧ ಅರ್ಧ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಉಪ್ಪಿನ ಬಗ್ಗೆ ಎರಡೇ ಮಾತು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಒಣ ಮೀನನ್ನು ನೆನೆಸಿ ಆ ನೀರು ಚೆಲ್ಲಿ. ಇನ್ನು ಈಗಿನ ಫ್ಯಾಶನ್, ಗುಲಾಬಿ ಉಪ್ಪು. ನಮ್ಮಂಥ ಜಡಿಮಳೆಯ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗಿರುತ್ತದೆ, ಹಾಗಾಗಿ ಬೆಳೆದ ತರಕಾರಿಯಲ್ಲೂ ಕಡಿಮೆ. ಗಳಗಂಡ ಬರುವುದು ಇಂಥ ಕಡೆಯೇ. ಗುಲಾಬಿ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಸಾದಾ ಅಯೋಡಿನ್ ಉಪ್ಪು ತನ್ನಿ, ಮುಚ್ಚಳ ಹಾಕಿಡಿ, ಒಲೆಯಿಂದ ದೂರ ಇಡಿ.

ನನ್ನ ಮಾತು ಇಲ್ಲಿಗೆ ನಿಂತಿತು. ಆಮೇಲೆ ಪ್ರಶ್ನೆಗಳು ಬಂದವು.

ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದಳು. “ಮೇಡಂ, ತೂಕ ಇಳಿಯಲು ಗಾರ್ಸೀನಿಯಾ ಕ್ಯಾಪ್ಸೂಲ್ ಒಳ್ಳೆಯದಾ?” ಅವಳಿಗೆ ನಾನು ತಿರುಗಿ ಕೇಳಿದೆ, “ನಿಮ್ಮ ಮನೆ ಅಡುಗೆಮನೆಯಲ್ಲಿ ಕಪ್ಪಗಿನ ಬಾಟಲಿ ಇದೆಯಾ?” “ಕಾಚಂಪುಳಿನಾ? ಇದೆ.” ಅದೇ ಇದು. ಮಲೆನಾಡಿನ ಕಡೆ ಉಪ್ಪಾಗೆ ಅನ್ನುವ ಹಣ್ಣು. ಅದರ ರಸ ಇಳಿಸಿ ಕಪ್ಪಾಗುವ ತನಕ ಕುದಿಸಿದರೆ ಕಾಚಂಪುಳಿ, ಅದರ ಹುಳಿ ಅಂಶ ಬೇರೆ ಮಾಡಿ ತುಂಬಿದರೆ ಕ್ಯಾಪ್ಸೂಲ್. 1998ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಅದನ್ನು ನುಂಗಿದವರ ತೂಕ, ಸತ್ವವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಜಾಸ್ತಿ ಇಳಿಯಲಿಲ್ಲ. ಇಂಥ ಕ್ಯಾಪ್ಸೂಲ್ ತಿಂದು ಯಕೃತ್ತು ಕೆಟ್ಟವರ ವರದಿಗಳು ಬೇರೆ ಇವೆ. ಪಂದಿ ಕರಿಗೆ ಹಾಕುವ ಒಂದು ಚಮಚಕ್ಕೂ ದಿನಕ್ಕೆ ಮೂರು ಹೊತ್ತು ನುಂಗುವ ಸಾರಕ್ಕೂ ಬಹಳ ದೂರ. “ಅದಕ್ಕೆ ಕೊಡುವ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಶೂ ತಗೋ ಮಗಳೇ” ಅಂದೆ. ಮುಖ ಸಣ್ಣದು ಮಾಡಿಕೊಂಡು ಕೂತಳು. ಆಗಲೇ ತರಿಸಿಯಾಗಿತ್ತು ಅಂತ ಕಾಣುತ್ತದೆ.

ಇನ್ನೊಬ್ಬರು, “ಶುಗರ್ ಇದೆ, ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ದೀನಿ, ದಿನಕ್ಕೆ ನಾಲ್ಕು” ಅಂದರು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರೂ ಇದೆ, ಸಂತೋಷ. ಆದರೆ ಅದೂ ಪಿಷ್ಟವೇ. ನಾಲ್ಕು ಮುದ್ದೆ ಅಂದರೆ ನಾಲ್ಕು ಮುದ್ದೆಯೇ. ಒಂದು ಸಾಕು, ಪಕ್ಕದಲ್ಲಿ ಉಪ್ಪೆಸರೋ ಮಸ್ಸೊಪ್ಪೋ ಇರಲಿ.

ಕೊನೆಗೆ ಸೊಪ್ಪಿಗೆ ಕೈ ಎತ್ತಿದ್ದ ಅಜ್ಜಿ. “ಮೊಮ್ಮಗುವಿಗೆ ನಾಲ್ಕು ತಿಂಗಳು. ತೋಟದ್ದೇ ಜೇನು, ಕಲಬೆರಕೆ ಇಲ್ಲ. ಸೊಸೆ ನೆಕ್ಕಿಸೋಕೆ ಬಿಡಲ್ಲ.” ಸಭೆಯಲ್ಲಿ ಸೊಸೆಯಂದಿರೆಲ್ಲ ನೆಟ್ಟಗೆ ಕೂತರು. ಅಜ್ಜಿ, ಈ ಒಂದರಲ್ಲಿ ಸೊಸೆ ಮಾತು ಸರಿ. ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಬೊಟುಲಿಸಂ ತರುವ ರೋಗಾಣುವಿನ ಬೀಜಕಣ ಇರಬಹುದು. ನಮ್ಮ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಎಳೆ ಕೂಸಿನ ಕರುಳಿಗೆ ಆ ಶಕ್ತಿ ಇರುವುದಿಲ್ಲ. ಮಗುವಿನ ಕೈಕಾಲು ಸೋತು, ಉಸಿರಾಟಕ್ಕೂ ತೊಂದರೆಯಾಗಬಹುದು. ವರ್ಷ ತುಂಬುವ ತನಕ ಜೇನು ಬೇಡವೇ ಬೇಡ.

ಅಜ್ಜಿ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. “ನಾವೆಲ್ಲ ಜೇನು ನೆಕ್ಕಿಯೇ ಬೆಳೆದದ್ದು” ಅಂದು ಸೆರಗು ಸರಿಮಾಡಿಕೊಂಡರು.

ಅಷ್ಟರಲ್ಲಿ ಕಾಫಿ ಬಂತು, ಬೋಂಡದ ಜೊತೆ. ಎಲ್ಲರೂ ನನ್ನ ಮುಖ ನೋಡಿದರು, ನಾನು ಗಡಿಯಾರ ನೋಡಿದೆ. ಊಟವಾಗಿ ಮೂರು ಗಂಟೆ ಆಗಿತ್ತು. ಲೋಟ ತೆಗೆದುಕೊಂಡೆ. ಮೇಜಿನ ಹತ್ತಿರ ಸಕ್ಕರೆ ಅಳೆದಿದ್ದ ಅಕ್ಕ ಆ ಗಾಜಿನ ಲೋಟವನ್ನು ಬಗ್ಗಿಸಿ, ಒಂದು ಕಾಳೂ ಚೆಲ್ಲದಂತೆ, ಹತ್ತು ಚಮಚವನ್ನೂ ಡಬ್ಬಕ್ಕೆ ವಾಪಸ್ ಸುರಿಯುತ್ತಿದ್ದರು. “ಹಾಳು ಮಾಡಬಾರದು, ಅಲ್ವಾ ಮೇಡಂ?” ಅಂದರು.